ಗರ್ಭಿಣಿಯರ ಸಕ್ಕರೆ ಕಾಯಿಲೆ ಪತ್ತೆಗೆ ಎಚ್‌ಬಿಎ1ಸಿ ಪರೀಕ್ಷೆ ಒಂದೇ ಯಾಕೆ ಸಾಲದು?

ಅದೊಂದನ್ನೇ ನಂಬಿದರೆ ಬಸಿರಿನಲ್ಲಿ ಶುರುವಾಗುವ ಸಕ್ಕರೆ ಕಾಯಿಲೆ ಎಷ್ಟೋ ಸಲ ಕಣ್ತಪ್ಪಿ ಹೋಗುತ್ತದೆ. ಅದಕ್ಕೇ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ಬೇಕು.

ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬ ಲೆಕ್ಕ. ಒಂದು ಕಣ ಸಾಮಾನ್ಯವಾಗಿ ಸುಮಾರು 120 ದಿನ ಬದುಕುತ್ತದೆ. ಹಳೆಯದಾದಷ್ಟೂ ಜಾಸ್ತಿ ಸಕ್ಕರೆ ಅಂಟುತ್ತದೆ. ಬಸುರಿಯ ಮೈಯಲ್ಲಿ ಹೊಸ ಕಣಗಳು ಬೇಗ ಬೇಗ ಹುಟ್ಟುತ್ತವೆ. ಅವಕ್ಕೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರುವುದಿಲ್ಲ, ಅಲ್ವಾ? ಹಾಗಾಗಿ ಪರೀಕ್ಷೆಯ ಅಂಕಿ ಕಡಿಮೆ ಬರುತ್ತದೆ. ಕಬ್ಬಿಣದ ಕೊರತೆ ಇದ್ದರೆ ಉಲ್ಟಾ, ಜಾಸ್ತಿ ತೋರಿಸಬಹುದು! ಮೇಲಾಗಿ ಅದು ಎರಡು-ಮೂರು ತಿಂಗಳ ಸರಾಸರಿ. ಊಟದ ನಂತರ ಸಕ್ಕರೆ ಏರುವುದು ಅದರಲ್ಲಿ ಮುಚ್ಚಿಹೋಗುತ್ತದೆ.

ಮಾಸಿನಿಂದ (ಪ್ಲಾಸೆಂಟಾ) ಬರುವ ಹಾರ್ಮೋನುಗಳು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಅಡ್ಡಿ ಮಾಡುತ್ತವೆ. 24ರಿಂದ 28ನೇ ವಾರದ ಹೊತ್ತಿಗೆ ಇದು ಜೋರಾಗಿರುತ್ತದೆ. ಆಗ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 ಮಿಲಿಗ್ರಾಂ ಮುಟ್ಟಬಾರದು. ಒಂದು ಮುಟ್ಟಿದರೂ ಕಾಯಿಲೆ ಇದೆ ಅಂತಲೇ ಲೆಕ್ಕ.

ಹಾಗಂತ ಎಚ್‌ಬಿಎ1ಸಿ ದಂಡ ಅಂತಲ್ಲ. ಮೊದಲ ತಿಂಗಳುಗಳಲ್ಲೇ ಅದು 6.5% ದಾಟಿದ್ದರೆ, ಕಾಯಿಲೆ ಬಸಿರಿಗೂ ಮುಂಚೆಯೇ ಇದ್ದಿರುವ ಸಾಧ್ಯತೆ ಜಾಸ್ತಿ.