7 ತಿಂಗಳ ಗಬ್ಬದ ಹಸು ಇನ್ನೂ ದಿನಕ್ಕೆ 6 ಲೀಟರ್ ಕೊಡುತ್ತಿದೆ. ಕರೆಯುವುದನ್ನು ನಿಲ್ಲಿಸಬೇಕಾ?

ಹೌದು, ನಿಲ್ಲಿಸಿ. ಡೈರಿ ಬಟವಾಡೆಯಲ್ಲಿ ಅಷ್ಟು ದುಡ್ಡು ಕಮ್ಮಿಯಾದರೆ ಮನೆ ಖರ್ಚಿಗೆ ಏನು ಮಾಡೋದು ಅನ್ನುವ ನಿಮ್ಮ ಸಂಕಟ ಗೊತ್ತಾಗುತ್ತದೆ. ನಮ್ಮದೂ ಮದ್ದೂರು ಕಡೆ, ಕೊಟ್ಟಿಗೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳೇ. ಆದರೆ ಕರು ಹಾಕುವ ಮುಂಚೆ ಹತ್ತಿರ ಹತ್ತಿರ 60 ದಿನ ಕೆಚ್ಚಲಿಗೆ ಬಿಡುವು ಬೇಕೇ ಬೇಕು. ಹೊಟ್ಟೆಯ ಕರು ಜೋರಾಗಿ ಬೆಳೆಯುವುದೂ ಆಗಲೇ. ಬಿಡುವು ಕೊಡದೆ ಕರೆದರೆ ಮುಂದಿನ ಸೂಲಿನಲ್ಲಿ ಹಾಲು ಕಮ್ಮಿಯಾಗುತ್ತದೆ.

ಮೊದಲು ಹಿಂಡಿ, ಬೂಸಾ ಕಮ್ಮಿ ಮಾಡಿ, ಒಣ ಹುಲ್ಲು ಜಾಸ್ತಿ ಹಾಕಿ. ನೀರು ಮಾತ್ರ ಕಮ್ಮಿ ಮಾಡಬೇಡಿ. ಕೆಲವು ದಿನ ಒಂದೇ ಹೊತ್ತು ಕರೆದು, ಆಮೇಲೆ ಪೂರ್ತಿ ನಿಲ್ಲಿಸಿ. ಕೊನೆಯ ಸಲ ಚೆನ್ನಾಗಿ ಕರೆದು, ಪಶು ಡಾಕ್ಟರನ್ನು ಕೇಳಿ ನಾಲ್ಕೂ ತೊಟ್ಟಿಗೆ ಕೆಚ್ಚಲು ಬಾವು ತಡೆಯುವ ಟ್ಯೂಬ್ ಔಷಧಿ ಹಾಕಿಸಿ.

ಕಷ್ಟ ಶುರುವಾಗೋದು ಇಲ್ಲೇ. ಎರಡು ಮೂರು ದಿನ ಕೆಚ್ಚಲು ಬಿಗಿದುಕೊಂಡು ತೊಟ್ಟುಗಳು ಅಗಲಕ್ಕೆ ಚಾಚಿಕೊಳ್ಳುತ್ತವೆ. ಮನೆಯಲ್ಲಿ ಯಾರಾದರೂ 'ಪಾಪ, ಸ್ವಲ್ಪ ಹಿಂಡಿ ಬಿಡು' ಅಂದೇ ಅನ್ನುತ್ತಾರೆ. ನಮ್ಮತ್ತೆಯವರಂತೂ ಚೊಂಬು ಹಿಡಿದೇ ಬರುತ್ತಾರೆ. ಕೇಳಬೇಡಿ. ಹಿಂಡಿದಷ್ಟೂ ಹಾಲು ಬರುತ್ತಲೇ ಇರುತ್ತದೆ, ಸುಮ್ನೆ ಬಿಟ್ಟರೆ ಮೈ ಅದನ್ನು ಹೀರಿಕೊಳ್ಳುತ್ತದೆ. ಒಂದು ಕಡೆ ಮಾತ್ರ ಬಿಸಿಯಾಗಿ ಕಲ್ಲಿನ ಹಾಗಾಗಿ, ಮುಟ್ಟಿದರೆ ಒದ್ದರೆ ಅದು ಕೆಚ್ಚಲು ಬಾವು. ತಕ್ಷಣ ಡಾಕ್ಟರನ್ನು ಕರೆಸಿ.

ಗಬ್ಬದ ಹಸು ಅಂತ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಬಾಟಲಿ ಕುಡಿಸುವವರಿದ್ದಾರೆ. ಅದು ಉಲ್ಟಾ ಹೊಡೆಯುತ್ತದೆ. ಹೊರಗಿಂದ ಧಾರಾಳ ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವುದನ್ನು ಮೈ ನಿಧಾನ ಮಾಡುತ್ತದೆ. ಕರು ಹಾಕಿದ ದಿನ ಒಮ್ಮೆಲೇ ಹಾಲು ಇಳಿದಾಗ ಕ್ಯಾಲ್ಸಿಯಂ ಸಾಲದೆ ಹಸು ಕುಸಿದು ಕೂರಬಹುದು. ಯಾವಾಗ, ಎಷ್ಟು ಕೊಡಬೇಕು ಅನ್ನೋದನ್ನು ಡಾಕ್ಟರ್ ಹೇಳಲಿ.

ಕರು ಹಾಕಿದ ಮೇಲೆ ಸತ್ತೆ (ಮಾಸು) ಬೀಳಲಿ ಅಂತ ಕಾಯಬೇಡಿ. ಕೆಚ್ಚಲು ತೊಳೆದು ಒರೆಸಿ, ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕರುವಿನ ಹೊಟ್ಟೆ ಸೇರಬೇಕು. ರೋಗ ತಡೆಯುವ ಶಕ್ತಿ ಕರುವಿಗೆ ಬರುವುದೇ ಅದರಿಂದ, ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. 25 ಕೆಜಿ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಆದರೂ ಬೇಕು, ಎರಡು ಮೂರು ಸಲ ಕುಡಿಸಿ. ನೆರೆಮನೆಗೆ ಗಿಣ್ಣು ಹಂಚೋದು ಆಮೇಲೆ.

ಜಾಸ್ತಿ ಹಾಲಿನ ಹಸುವಾದರೆ ಮೊದಲೆರಡು ದಿನ ಪೂರ್ತಿ ಬರಿದು ಮಾಡಬೇಡಿ. ಕಿವಿ ತಣ್ಣಗಾಗಿ, ಎದ್ದೇಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದೇ ಹಾಲು ಜ್ವರ. ಹೆಸರಿಗೆ ಜ್ವರ, ಮೈ ಬಿಸಿ ಇರೋದಿಲ್ಲ. ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ನಿಮ್ಮ ಡಾಕ್ಟರಿಗೆ ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ರಾತ್ರಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ.