ಕಡಿಮೆ ಬಜೆಟ್ಟಿನಲ್ಲಿ ಮೊದಲ ರೋಡ್ ಬೈಕ್ ಕೊಳ್ಳುವಾಗ ಏನನ್ನು ನೋಡಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಷ್ಟು ದಿನ ನೇರ ಹ್ಯಾಂಡಲ್ಲಿನ ಸಾಧಾರಣ ಸೈಕಲ್ ತುಳಿದಿದ್ದೀರಿ, ಈಗ ರೋಡ್ ಬೈಕಿನಲ್ಲಿ, ಅಂದರೆ ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ಸೈಕಲ್ಲಿನಲ್ಲಿ, ರಜೆಯ ದಿನಗಳಲ್ಲಿ 40 ಕಿಲೋಮೀಟರಿನಷ್ಟು ದೂರ ಹೋಗಿಬರುವ ಆಸೆ, ಕೈಯಲ್ಲಿರುವ ಹಣ ಹೆಚ್ಚಿಲ್ಲ. ಫ್ರೇಮ್ ಕಾರ್ಬನ್ನಿನದೋ ಅಲ್ಯೂಮಿನಿಯಮ್ಮಿನದೋ, ಡಿಸ್ಕ್ ಬ್ರೇಕೋ ಮಾಮೂಲಿ ಬ್ರೇಕೋ, ಹೊಸದೋ ಹಳೆಯದೋ ಎಂದು ಕೇಳಿದ್ದೀರಿ. ಮೂರಕ್ಕೂ ಉತ್ತರಿಸುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಒಂದನ್ನು ನೀವು ಕೇಳಿಲ್ಲ: ನನಗೆ ಯಾವ ಅಳತೆಯ ಸೈಕಲ್ ಬೇಕು?

ನನ್ನ ಮೊದಲ ರೋಡ್ ಬೈಕಿನ ಫ್ರೇಮ್ ಅಳತೆ 56 ಸೆಂಟಿಮೀಟರ್. ನನ್ನ ಮೈಗೆ ಬೇಕಿದ್ದದ್ದು 52. ರಿಯಾಯಿತಿಯಲ್ಲಿ ಉಳಿದಿದ್ದದ್ದು ಅದೊಂದೇ, ಸೀಟು ಇಳಿಸಿಕೊಂಡರೆ ಸರಿಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು, ನಂಬಿದೆ. ಸೀಟು ಇಳಿಸಿದರೆ ಕಾಲಿನ ಸಮಸ್ಯೆ ತೀರುತ್ತದೆ, ಕೈಯದು ತೀರುವುದಿಲ್ಲ. ಹ್ಯಾಂಡಲ್ ಮೊದಲಿದ್ದಷ್ಟೇ ದೂರದಲ್ಲಿ ಇರುತ್ತದೆ. ಇಪ್ಪತ್ತು ಕಿಲೋಮೀಟರ್ ಆಗುವ ಹೊತ್ತಿಗೆ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿದ್ದವು. ಒಂದು ಬೆಳಿಗ್ಗೆ ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚಲು ಹೋದರೆ ಬೆರಳುಗಳು ಹೇಳಿದ ಮಾತು ಕೇಳಲಿಲ್ಲ. ಅಂಗೈಯ ಬುಡದಲ್ಲಿ ಹಾದುಹೋಗುವ ನರದ ಮೇಲೆ ಗಂಟೆಗಟ್ಟಲೆ ಮೈಭಾರ ಬಿದ್ದರೆ ಹೀಗಾಗುತ್ತದೆ. ನಾಲ್ಕು ತಿಂಗಳಿಗೆ ಆ ಸೈಕಲನ್ನು ಮಾರಿದೆ. ಅಷ್ಟರಲ್ಲಿ ಸೈಕಲ್ ತುಳಿಯುವ ಆಸೆಯೇ ಅರ್ಧ ಬತ್ತಿತ್ತು. ನಿಮಗೆ ಹಾಗಾಗಬಾರದು ಎಂದೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

52, 54 ಎಂಬ ಸಂಖ್ಯೆಗಳನ್ನು ಮಾತ್ರ ನೆಚ್ಚಬೇಡಿ. ಒಂದು ಕಂಪನಿಯ 54 ಇನ್ನೊಂದರ 52ಕ್ಕೆ ಸಮನಾಗಿರಬಹುದು. ತಯಾರಕರು ಕೊಡುವ ಅಳತೆಯ ಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಂಕಿಗಳಿರುತ್ತವೆ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ನಡುಬಿಂದುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ಮೇಲಂಚು ಎಷ್ಟು ಎತ್ತರದಲ್ಲಿದೆ ಎಂಬುದು ಸ್ಟ್ಯಾಕ್, ಎಷ್ಟು ಮುಂದಿದೆ ಎಂಬುದು ರೀಚ್. ಎರಡು ಸೈಕಲ್‌ಗಳನ್ನು ಹೋಲಿಸಲು ಇವೇ ಆಧಾರ. ಹೊಸಬರಿಗೆ ಸ್ಟ್ಯಾಕ್ ಹೆಚ್ಚು, ರೀಚ್ ಕಡಿಮೆ ಇರುವುದು ಒಳ್ಳೆಯದು. ಎಂಡ್ಯೂರೆನ್ಸ್ ಎಂದು ಕರೆಯುವ, ದೂರದ ಸವಾರಿಗೆಂದು ಮಾಡಿದ ಮಾದರಿಗಳು ಹೀಗಿರುತ್ತವೆ, ರೇಸ್ ಮಾದರಿಗಳಲ್ಲಿ ಇದು ತಿರುವುಮುರುವು. ಕೊಳ್ಳುವ ಮುನ್ನ ಹತ್ತು ನಿಮಿಷವಾದರೂ ಓಡಿಸಿ ನೋಡಿ. ಬ್ರೇಕಿನ ರಬ್ಬರ್ ಹಿಡಿಯ ಮೇಲೆ ಕೈಯಿಟ್ಟು, ಮೊಣಕೈ ತುಸು ಮಡಿಸಿ, ತುಳಿಯುತ್ತಲೇ ಬೆರಳುಗಳನ್ನು ಕುಣಿಸಿ. ಸಲೀಸಾಗಿ ಕುಣಿದರೆ ಅಳತೆ ಹೆಚ್ಚುಕಡಿಮೆ ಸರಿಯಿದೆ. ಕುಣಿಸಲಾಗದೆ ಹಿಡಿಯನ್ನು ಒತ್ತಿಕೊಂಡೇ ಕೂರಬೇಕಾದರೆ ಭಾರವೆಲ್ಲ ಅಂಗೈಗೆ ಬಿದ್ದಿದೆ. ಕೊರತೆ ಒಂದೆರಡು ಸೆಂಟಿಮೀಟರಿನದಾದರೆ ಹ್ಯಾಂಡಲನ್ನು ಫ್ರೇಮಿನ ಕಡೆಗೆ ಜೋಡಿಸುವ ಚಿಕ್ಕ ತುಂಡನ್ನು (ಸ್ಟೆಮ್) ಬದಲಿಸಿ ಸರಿಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಆಮೇಲೆ ಗೇರ್. ಒಟ್ಟು ಎಷ್ಟು ಗೇರ್‌ಗಳಿವೆ ಎಂದು ಎಲ್ಲರೂ ಕೇಳುತ್ತಾರೆ. ಅತಿ ಹಗುರವಾದ ಗೇರ್ ಎಷ್ಟು ಹಗುರ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 32 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಹಳೆಯ ರೇಸ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿದ್ದ 39 ಮತ್ತು 25ರ ಜೋಡಿಯಲ್ಲಿ ಅದೇ ಸುತ್ತಿಗೆ 3.3 ಮೀಟರ್ ಎಳೆಯಬೇಕು. ಏರಿನಲ್ಲಿ ಕೂತೇ ತುಳಿಯುವುದಕ್ಕೂ ಇಳಿದು ತಳ್ಳುವುದಕ್ಕೂ ಇರುವ ಅಂತರ ಇದೇ. ಸೈಕಲ್ ಬಿಡಿಭಾಗ ತಯಾರಿಸುವ ಶಿಮಾನೊ ಸಂಸ್ಥೆಯ ಗೇರ್ ಸೆಟ್‌ಗಳಲ್ಲಿ ಕ್ಲಾರಿಸ್‌ಗೆ ಹಿಂದಿನ ಚಕ್ರದಲ್ಲಿ 8 ಗೇರ್, ಸೋರಾಗೆ 9. ಎರಡೂ ಕೆಲಸಕ್ಕೆ ಗಟ್ಟಿ, ಮತ್ತು 8 ಗೇರಿನ ಚೈನು ಬದಲಿಸಲು ಖರ್ಚೂ ಕಡಿಮೆ. ಬ್ರೇಕ್ ಹಿಡಿಯಲ್ಲೇ ಗೇರ್ ಬದಲಿಸುವ ವ್ಯವಸ್ಥೆ ಇದೆಯೇ ಎಂದು ತಪ್ಪದೆ ನೋಡಿ. ಗೇರ್ ಹಾಕಲು ಪ್ರತಿ ಸಲ ಹ್ಯಾಂಡಲ್ಲಿನಿಂದ ಕೈ ತೆಗೆಯಬೇಕಾದ ಸೈಕಲ್ ಹೊಸಬರಿಗೆ ಬೇಡ.

ಈಗ ನಿಮ್ಮ ಪ್ರಶ್ನೆಗಳು. ಹಗುರವೆಂದು ಹೆಚ್ಚು ಬೆಲೆಗೆ ಮಾರುವ ಕಾರ್ಬನ್ ಫ್ರೇಮನ್ನು ಸದ್ಯಕ್ಕೆ ಮರೆತುಬಿಡಿ. ಸವಾರ, ಸೈಕಲ್ ಸೇರಿ 80 ಕಿಲೋ ಇದ್ದರೆ, ಒಂದು ಕಿಲೋ ಉಳಿಸುವುದೆಂದರೆ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸಮತಟ್ಟು ರಸ್ತೆಯಲ್ಲಿ ಅದು ಗೊತ್ತೂ ಆಗುವುದಿಲ್ಲ. ಅಲ್ಯೂಮಿನಿಯಂ ಫ್ರೇಮ್, ಮುಂದಿನ ಚಕ್ರವನ್ನು ಹಿಡಿಯುವ ಕವಲು (ಫೋರ್ಕ್) ಮಾತ್ರ ಕಾರ್ಬನ್ ಇರುವ ಸೈಕಲ್ ನಿಮ್ಮ ಕೈಗೆಟಕುವುದಾದರೆ ಅದೇ ಸಾಕು. ಉಳಿದ ಹಣವನ್ನು ಒಳ್ಳೆಯ ಟೈರಿಗೆ ಹಾಕಿ, ವ್ಯತ್ಯಾಸ ಮೊದಲ ದಿನವೇ ಕಾಲಿಗೆ ತಿಳಿಯುತ್ತದೆ.

ಬ್ರೇಕಿನ ಪ್ರಶ್ನೆಯನ್ನೂ ನಾನು ಟೈರಿನಿಂದಲೇ ತೀರ್ಮಾನಿಸುತ್ತೇನೆ. 28 ಮಿಲಿಮೀಟರ್ ಅಗಲದ ಟೈರ್ ಹಿಡಿಸದ ಸೈಕಲನ್ನು ನಾನು ಹೊಸಬರಿಗೆ ಹೇಳುವುದಿಲ್ಲ. ಅಗಲದ ಟೈರಿಗೆ ಗಾಳಿ ಕಡಿಮೆ ತುಂಬಬಹುದು, ಆಗ ಒರಟು ರಸ್ತೆಯ ಕುಲುಕು ಬೆನ್ನಿಗೆ ಬಡಿಯುವುದಿಲ್ಲ. ರಿಮ್ ಹಿಡಿಯುವ ಮಾಮೂಲಿ ಬ್ರೇಕಿನ ಹಳೆಯ ಸೈಕಲ್‌ಗಳಲ್ಲಿ ಅನೇಕಕ್ಕೆ 25ಕ್ಕಿಂತ ಅಗಲದ್ದು ಹಿಡಿಸುವುದಿಲ್ಲ, ಡಿಸ್ಕ್ ಬ್ರೇಕಿನ ಈಚಿನ ಫ್ರೇಮ್‌ಗಳಲ್ಲಿ 32 ಕೂಡ ಕೂರುವುದುಂಟು. ಮಳೆಯಲ್ಲೂ ತುಳಿಯುವವರಾದರೆ ಡಿಸ್ಕ್ ತೆಗೆದುಕೊಳ್ಳಿ, ಏಕೆಂದರೆ ಒದ್ದೆ ರಿಮ್ಮನ್ನು ಬ್ರೇಕ್ ಹಿಡಿಯಲು ಕ್ಷಣ ಹೊತ್ತು ಬೇಕು. ಒಣ ರಸ್ತೆಗೆ ಮಾಮೂಲಿ ಬ್ರೇಕ್ ಏನೂ ಸಾಲದೆ ಬರುವುದಿಲ್ಲ. ರಿಪೇರಿಯೂ ಸುಲಭ.

ಕೈಯಲ್ಲಿರುವ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯಬೇಡಿ. ಹತ್ತರಲ್ಲಿ ಎರಡು ಪಾಲು ತೆಗೆದಿಡಿ: ಹೆಲ್ಮೆಟ್, ದೀಪಗಳು, ಒತ್ತಡ ತೋರಿಸುವ ಮೀಟರ್ ಇರುವ ಗಾಳಿ ಪಂಪು, ಎರಡು ಟ್ಯೂಬು, ಟೈರ್ ಬಿಚ್ಚುವ ಲಿವರುಗಳು.

ಹೊಸದೋ ಹಳೆಯದೋ? ನೋಡಲು ಬಲ್ಲವರು ಜೊತೆಗಿದ್ದರೆ ಹಳೆಯದನ್ನೇ ಕೊಳ್ಳಿ ಎನ್ನುತ್ತೇನೆ, ಅದೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ಸೈಕಲ್ ಸಿಗುತ್ತದೆ. ನೋಡಲು ಹೋಗುವಾಗ ಇಂಚಿನ ಗುರುತಿರುವ ಉಕ್ಕಿನ ಸ್ಕೇಲ್ ಒಯ್ಯಿರಿ. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದು ಅಳೆಯಿರಿ. ಹೊಸ ಚೈನಿನಲ್ಲಿ 24ನೆಯ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ (ಮೊದಲಿನದನ್ನು ಸೊನ್ನೆ ಎಂದು ಎಣಿಸಿ). ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗದಷ್ಟಾಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುವ ಸಾಧ್ಯತೆ ಹೆಚ್ಚು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಫ್ರೇಮಿನ ಬೆಸುಗೆಗಳ ಸುತ್ತ, ಅದರಲ್ಲೂ ಹ್ಯಾಂಡಲ್ ಕೂರುವ ಕೊಳವೆಗೆ ಕೆಳಗಿನ ಕೊಳವೆ ಸೇರುವಲ್ಲಿ, ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ಕೂದಲೆಳೆಯ ಬಿರುಕು ಕಂಡರೂ ಬೇಡ. ಕಡೆಗೆ, ಸೀಟಿನ ಬೋಲ್ಟ್ ಸಡಿಲಿಸಿ ಸೀಟನ್ನು ನೀವೇ ಮೇಲೆ ಕೆಳಗೆ ಸರಿಸಿ ನೋಡಿ. ವರ್ಷಗಟ್ಟಲೆ ಅಲುಗಿಸದೆ ಬಿಟ್ಟ ಸೀಟಿನ ಕಂಬ ಫ್ರೇಮಿನೊಳಗೆ ಕಚ್ಚಿಕೊಂಡಿರಬಹುದು. ಅಂಥದ್ದು ಹಿಂದಿನ ಮಾಲೀಕರ ಅಳತೆಗೇ ನಿಂತುಬಿಟ್ಟ ಸೈಕಲ್.

ನಿಮ್ಮ ಎತ್ತರ ಮತ್ತು ತೊಡೆಸಂದಿನಿಂದ ನೆಲದವರೆಗಿನ ಕಾಲಿನ ಉದ್ದವನ್ನು ಇಲ್ಲಿ ಬರೆಯಿರಿ. ಯಾವ ಸ್ಟ್ಯಾಕ್, ಯಾವ ರೀಚ್‌ನಿಂದ ಹುಡುಕಲು ಶುರುಮಾಡಬೇಕು ಎಂದು ಹೇಳುತ್ತೇನೆ.