ಕಳೆಹಾಸಿನ ಅಡಿಯ ಬಾಸ್ ಮೀನು

ಪ್ರಶ್ನೆ: ನೀರಿನ ಮೇಲೆ ದಟ್ಟವಾಗಿ ಹೆಣೆದುಕೊಂಡ ಕಳೆಯ ಅಡಿಯಲ್ಲಿ ಬಾಸ್ ಮೀನು ಹಿಡಿಯಲು ಕಲಿಯುತ್ತಿದ್ದೇನೆ. ಎರೆ ಕಳೆಯ ಮೇಲೆಯೇ ನಿಂತುಬಿಡುತ್ತದೆ. ಏನು ಮಾಡಲಿ?

ಉತ್ತರ: ತೂಕ ಸಾಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ. 28ರಿಂದ 42 ಗ್ರಾಂ ತೂಕದ ಟಂಗ್‌ಸ್ಟನ್ ಗುಂಡನ್ನು, ಅದು ದಾರದ ಮೇಲೆ ಜಾರಿ ಎರೆಯಿಂದ ದೂರ ಸರಿಯದಂತೆ ರಬ್ಬರ್ ತಡೆಯಿಂದ ಬಿಗಿಗೊಳಿಸಿ, ಕೈಕಾಲುಗಳು ಹೆಚ್ಚು ಚಾಚಿಕೊಂಡಿರದ ಸಣ್ಣ ಮೃದು ಕೃತಕ ಎರೆಯೊಂದಿಗೆ ಬಳಸಿ. ಟಂಗ್‌ಸ್ಟನ್ ಸೀಸಕ್ಕಿಂತ ಸಾಂದ್ರವಾದ್ದರಿಂದ ಅಷ್ಟೇ ತೂಕಕ್ಕೆ ಗಾತ್ರ ಕಿರಿದಾಗಿದ್ದು, ಕಳೆಯನ್ನು ಸುಲಭವಾಗಿ ಸೀಳುತ್ತದೆ. ದಾರ ಹೆಣೆದದ್ದೇ ಆಗಿರಲಿ. ಈ ವಿಷಯದಲ್ಲಿ ರಾಜಿ ಬೇಡ.

ಎರೆ ಕಳೆಹಾಸನ್ನು ದಾಟಿದೊಡನೆ ದಾರವನ್ನು ಸಡಿಲ ಬಿಡಿ, ಏಕೆಂದರೆ ಮೀನು ಅನೇಕ ಸಲ ಕಚ್ಚುವುದು ಎರೆ ಇಳಿಯುತ್ತಿರುವಾಗಲೇ. ತಳ ಮುಟ್ಟುವ ಮುನ್ನ ದಾರ ನಿಂತರೆ ಅಥವಾ ಪಕ್ಕಕ್ಕೆ ಸರಿದರೆ, ತಡಮಾಡದೆ ಗಾಳದ ಕೋಲನ್ನೆತ್ತಿ, ಮೀನು ಕಳೆಯೊಳಗೆ ತಿರುಗದಂತೆ ಅದರ ತಲೆಯನ್ನು ಮೇಲ್ಮುಖವಾಗಿಯೇ ಎಳೆಯಿರಿ.